ಹಳೆಯ ಬ್ಯಾಟರಿ: ನಿಯಮವೂ ನಮ್ಮ ಹೊಣೆಯೂ

ತುಮಕೂರಿನಿಂದ ಶಿರಾ ಕಡೆಗೆ ಹೊರಡುವ ರಸ್ತೆಯಲ್ಲಿ, ಶಿರಾ ಗೇಟ್ ಆಸುಪಾಸಿನಲ್ಲಿ, ವಾಹನ ದುರಸ್ತಿಗೆ ಸಂಬಂಧಿಸಿದ ವ್ಯಾಪಾರ ಹೇಗೆ ನೆಲೆಗೊಂಡಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಗುಬ್ಬಿಯ ತೆಂಗಿನಕಾಯಿ ಲಾರಿ, ಕುಣಿಗಲ್ಲಿನ ಟ್ರ್ಯಾಕ್ಟರ್, ನಗರದ ಆಟೋ, ಮನೆಮನೆಯ ಇನ್ವರ್ಟರ್ ಇವೆಲ್ಲಕ್ಕೂ ಬ್ಯಾಟರಿ ಬೇಕು. ಅಂಗಡಿಯ ಮುಂಭಾಗದಲ್ಲಿ ಹೊಸ ಬ್ಯಾಟರಿಗಳನ್ನು ಅಂದವಾಗಿ ಜೋಡಿಸಿಟ್ಟಿರುತ್ತಾರೆ. ಹಿಂಭಾಗದಲ್ಲೋ, ಪಕ್ಕದ ಓಣಿಯಲ್ಲೋ ಹಳೆಯವು ಒಂದರ ಮೇಲೊಂದು ಕುಳಿತಿರುತ್ತವೆ. ಹೊಸ ಬ್ಯಾಟರಿಯ ವಿಷಯದಲ್ಲಿ ನಮ್ಮಲ್ಲಿ ದಾಖಲೆಗೆ ಕೊರತೆಯಿಲ್ಲ: ಕ್ರಮಸಂಖ್ಯೆ, ಗ್ಯಾರಂಟಿ ಕಾರ್ಡು, ಮಾರಾಟದ ದಿನಾಂಕ, ತೆರಿಗೆ ಬಿಲ್ಲು ಎಲ್ಲವೂ ಉಂಟು. ಹಳೆಯದರ ವಿಷಯವನ್ನು ವಿಚಾರಿಸಿದರೆ ಮಾತ್ರ, “ಗಾಡಿ ಬರುತ್ತೆ ಸಾರ್, ತೂಕ ಹಾಕ್ಕೊಂಡು ಹೋಗುತ್ತೆ” ಎಂಬಷ್ಟೇ ಉತ್ತರ ದೊರೆಯುತ್ತದೆ. ಆ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ವರ್ತಕ ಸಮುದಾಯವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ ಎಂಬುದು ಈ ಲೇಖನದ ಅಭಿಪ್ರಾಯ. ಸರಕಾರ ಕೇಳುವ ಮೊದಲೇ ಕೇಳಿಕೊಂಡರೆ ನಮಗೇ ಲಾಭವುಂಟು.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಿಕೊಳ್ಳಬೇಕು. ಪರಿಸರ ಸಂಬಂಧಿ ಸಭೆ ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಹಳೆಯ ಬ್ಯಾಟರಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮಾತನಾಡುವುದು ರೂಢಿಯಾಗಿದೆ. ಇದು ಸರಿಯಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಕಾರಿನ ಸಾಮಾನ್ಯ ಬ್ಯಾಟರಿ 12ರಿಂದ 15 ಕಿಲೋ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸೀಸ. ಮನೆಯ ಇನ್ವರ್ಟರಿಗೆ ಜೋಡಿಸುವ 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ ಆಸಿಡ್ ಸಹಿತ 50 ಕಿಲೋ ದಾಟುತ್ತದೆ. ಅದರೊಳಗೆ ಸುಮಾರು 25 ಕಿಲೋ ಸೀಸ ಇರುತ್ತದೆ ಎಂದು ಇಟ್ಟುಕೊಳ್ಳೋಣ. 2024ರಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಸೀಸದ ಬೆಲೆ ಟನ್ನಿಗೆ 2,000 ಡಾಲರುಗಳ ಆಸುಪಾಸಿನಲ್ಲಿತ್ತು. ಆ ಲೆಕ್ಕದಂತೆ ಕೈಲಾಗದೆ ಬಿದ್ದಿರುವ ಒಂದು ಇನ್ವರ್ಟರ್ ಬ್ಯಾಟರಿಯೊಳಗೆ 4,000 ರೂಪಾಯಿ ಮೀರಿದ ಲೋಹ ಅಡಗಿದೆ. ಇಷ್ಟು ಬೆಲೆಯುಳ್ಳ ವಸ್ತುವನ್ನು ಹಾದಿಬೀದಿಯಲ್ಲಿ ಬಿಸಾಡುವವರು ತುಮಕೂರಿನಲ್ಲಷ್ಟೇ ಅಲ್ಲ, ಲೋಕದಲ್ಲೆಲ್ಲೂ ಇಲ್ಲ. ಆದಕಾರಣ ಸೀಸದ ಬ್ಯಾಟರಿಯ ಸಮಸ್ಯೆ ಸಂಗ್ರಹಣೆಯ ಸಮಸ್ಯೆಯಲ್ಲ. ಸಂಗ್ರಹವಾದ ಮಾಲು ಯಾರ ಕುಲುಮೆಗೆ ಸೇರುತ್ತದೆ ಎಂಬುದೇ ಸಮಸ್ಯೆ.

ಕುಲುಮೆಗಳು ಎರಡು ಬಗೆಯವು. ಪರವಾನಗಿ ಪಡೆದ ಕಾರ್ಖಾನೆಯಲ್ಲಿ ಬ್ಯಾಟರಿಯನ್ನು ಯಂತ್ರದಿಂದ ಒಡೆದು, ಆಸಿಡನ್ನು ಪ್ರತ್ಯೇಕಿಸಿ ಶುದ್ಧೀಕರಣ ಘಟಕಕ್ಕೆ ಕಳುಹಿಸಿ, ಪಾಲಿಪ್ರೊಪಿಲೀನ್ ಡಬ್ಬವನ್ನು ತೊಳೆದು ಬೇರ್ಪಡಿಸಿ, ಪ್ಲೇಟುಗಳನ್ನು ಮುಚ್ಚಿದ ಕುಲುಮೆಯಲ್ಲಿ ಕರಗಿಸುತ್ತಾರೆ. ಹೊಗೆ ಚೀಲಶೋಧಕಗಳ ಮೂಲಕ ಹಾದು ಹೊರಬೀಳುತ್ತದೆ. ಎರಡನೆಯ ಬಗೆಯದು ಊರ ಹೊರಗಿನ ಯಾವುದೋ ಬಯಲಿನಲ್ಲಿ ನಡೆಯುತ್ತದೆ. ಕೊಡಲಿಯಿಂದ ಬ್ಯಾಟರಿಯನ್ನು ಒಡೆಯುವುದು, ಆಸಿಡನ್ನು ನೆಲಕ್ಕೆ ಸುರಿಯುವುದು, ಇದ್ದಿಲಿನ ಬೆಂಕಿಗೆ ಪ್ಲೇಟುಗಳನ್ನು ಹಾಕುವುದು. ಸೀಸ 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವುದರಿಂದ ಸಾಮಾನ್ಯ ಬೆಂಕಿಯೇ ಅದನ್ನು ನೀರು ಮಾಡುತ್ತದೆ. ಆದರೆ ಪ್ಲೇಟಿನ ಮೇಲಿರುವ ಸೀಸದ ಆಕ್ಸೈಡ್ ಮತ್ತು ಸಲ್ಫೇಟುಗಳನ್ನು ಲೋಹವಾಗಿಸಲು ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕಾಗುವುದರಿಂದ, ಇಂಥ ಕಡೆ ಗಣನೀಯ ಪಾಲು ಸೀಸ ಧೂಳಾಗಿ, ಹೊಗೆಯಾಗಿ, ಕಿಟ್ಟವಾಗಿ ಮಣ್ಣಿಗೆ ಸೇರಿಹೋಗುತ್ತದೆ. ಲಾಭದ ದೃಷ್ಟಿಯಿಂದ ನೋಡಿದರೂ ಇದು ದಡ್ಡ ಕಸುಬು. ಅದು ನಡೆಯುತ್ತಿರುವುದು ಶುದ್ಧೀಕರಣದ ಖರ್ಚಿಲ್ಲ, ಕಾರ್ಮಿಕರ ರಕ್ಷಣೆಯ ಖರ್ಚಿಲ್ಲ, ತೆರಿಗೆಯ ಖರ್ಚಿಲ್ಲ ಎಂಬ ಕಾರಣದಿಂದ.

ಇದರ ಪರಿಣಾಮವೇನು? ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಹೊರವಲಯದಲ್ಲಿ ಥಿಯಾರೊಯೆ-ಸುರ್-ಮೆರ್ ಎಂಬ ಬಡಾವಣೆಯಿದೆ. ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು ಸೀಸದ ಚೂರುಗಳನ್ನು ಆಯ್ದು ಮಾರುವುದು ಅಲ್ಲಿನ ಕೆಲವು ಹೆಂಗಸರ ಜೀವನೋಪಾಯವಾಗಿತ್ತು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ಸತ್ತರು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿ, ವಿಶ್ವದ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದೆಯೆಂದೂ, ಅವರಲ್ಲಿ 27.5 ಕೋಟಿ ಮಕ್ಕಳು ಭಾರತದವರೆಂದೂ ಅಂದಾಜು ಮಾಡಿತು. ಹಳೆಯ ಬ್ಯಾಟರಿಗಳ ಅವೈಜ್ಞಾನಿಕ ಕರಗಿಸುವಿಕೆಯನ್ನು ಪ್ರಮುಖ ಕಾರಣಗಳಲ್ಲೊಂದಾಗಿ ಗುರುತಿಸಿತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ಹಾಗೆ ಕುಗ್ಗಿದ್ದು ಮತ್ತೆ ಸರಿಹೋಗುವುದಿಲ್ಲ. ಕೆಲಸಗಾರ ತನ್ನ ಬಟ್ಟೆಯಲ್ಲಿ ಹೊತ್ತು ತರುವ ಧೂಳೇ ಮನೆಯ ಮಗುವಿಗೆ ಸಾಕು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಗೌರವದ ಸ್ಥಾನವಿದೆ ಎಂಬುದನ್ನು ನಮ್ಮಲ್ಲಿ ಹಲವರು ಅರಿತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ದೇಶದಲ್ಲಿ ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ಜರುಗಿತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮರುವರ್ಷವೇ ಬ್ಯಾಟರಿಯ ನಿಯಮ ಬಂದಿತು.

2001ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿಗಳ (ನಿರ್ವಹಣೆ ಮತ್ತು ಬಳಕೆ) ನಿಯಮಗಳು ಸೀಸ-ಆಮ್ಲದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. ತಯಾರಕರು ಮತ್ತು ಆಮದುದಾರರು ತಾವು ಮಾರಿದ ಹೊಸ ಬ್ಯಾಟರಿಗಳ ಲೆಕ್ಕಕ್ಕೆ ಪ್ರತಿಯಾಗಿ ಮೊದಲ ವರ್ಷ ಶೇ. 50, ಎರಡನೆಯ ವರ್ಷ ಶೇ. 65, ಮೂರನೆಯ ವರ್ಷ ಶೇ. 75, ಅನಂತರ ಶೇ. 90ರಷ್ಟು ಹಳೆಯ ಬ್ಯಾಟರಿಗಳನ್ನು ಹಿಂಪಡೆಯಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ಡೀಲರನಿಗೂ ಅದರಲ್ಲಿ ಸ್ಪಷ್ಟವಾದ ಸ್ಥಾನವಿತ್ತು. ಹಳೆಯದನ್ನು ಕೊಟ್ಟ ಗ್ರಾಹಕನಿಗೆ ತಕ್ಕ ರಿಯಾಯಿತಿ ನೀಡಬೇಕು, ಆರು ತಿಂಗಳಿಗೊಮ್ಮೆ ಮಾರಾಟ ಮತ್ತು ಮರುಸಂಗ್ರಹದ ವಿವರಪಟ್ಟಿಯನ್ನು ತಯಾರಕನಿಗೆ ಸಲ್ಲಿಸಬೇಕು, ಸಂಗ್ರಹವಾದುದನ್ನು ನೇಮಿತ ಕೇಂದ್ರಕ್ಕೋ ನೋಂದಾಯಿತ ಮರುಬಳಕೆದಾರನಿಗೋ ಸುರಕ್ಷಿತವಾಗಿ ಸಾಗಿಸಬೇಕು. 2010ರ ತಿದ್ದುಪಡಿ ಡೀಲರನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು ಸೇರಿಸಿತು. ಹಳೆಯ ಬ್ಯಾಟರಿ ಕೊಟ್ಟರೆ ಇಷ್ಟು ಕಡಿತ ಎಂಬ, ಇಂದು ನಾವು ಸಹಜವೆಂದು ಭಾವಿಸುವ, ಎಕ್ಸ್‌ಚೇಂಜ್ ಪದ್ಧತಿಗೆ ಕಾನೂನಿನ ಬೆಂಬಲ ಸಿಕ್ಕಿದ್ದು ಆ ನಿಯಮದಿಂದ. ರಿಯಾಯಿತಿಯ ಭಾಗ ಚೆನ್ನಾಗಿ ಬೇರುಬಿಟ್ಟಿತು, ಏಕೆಂದರೆ ಅದರಿಂದ ವ್ಯಾಪಾರ ಕುದುರುತ್ತಿತ್ತು. ವಿವರಪಟ್ಟಿಯ ಭಾಗ ಸೊರಗಿತು, ಏಕೆಂದರೆ ಅದರಿಂದ ಏನೂ ಕುದುರುತ್ತಿರಲಿಲ್ಲ. ಇದರಲ್ಲಿ ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

2022ರ ಆಗಸ್ಟಿನಲ್ಲಿ ಹಳೆಯ ನಿಯಮಗಳು ರದ್ದಾಗಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದವು. ಇದರ ಆಧಾರಸ್ತಂಭ ವಿಸ್ತೃತ ಉತ್ಪಾದಕ ಹೊಣೆಗಾರಿಕೆ ಎಂಬ ತತ್ತ್ವ. ಅಂದರೆ, ವಸ್ತುವನ್ನು ಮಾರುಕಟ್ಟೆಗೆ ತಂದವನೇ ಅದರ ಕೊನೆಗಾಲದ ವಿಲೇವಾರಿಗೂ ಹೊಣೆ. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳಿಗೆ ಸಂಬಂಧಿಸಿದ ವೆಲ್ಲೂರು ಪ್ರಕರಣದಲ್ಲಿ 1996ರಲ್ಲಿಯೇ ಈ ನೆಲದ ಕಾನೂನಿನ ಭಾಗವೆಂದು ಘೋಷಿಸಿತ್ತು. ಹೊಸ ನಿಯಮ ಅದನ್ನು ಬ್ಯಾಟರಿಗೆ ಅಳವಡಿಸಿದೆ. ಸೀಸದ ಬ್ಯಾಟರಿಯಷ್ಟೇ ಅಲ್ಲದೆ ಟಾರ್ಚಿನ ಸೆಲ್ಲು, ಮೊಬೈಲಿನ ಬ್ಯಾಟರಿ, ವಿದ್ಯುತ್ ವಾಹನದ ಲಿಥಿಯಂ ಪೆಟ್ಟಿಗೆ ಎಲ್ಲವೂ ಈಗ ಒಂದೇ ನಿಯಮದಡಿ ಬರುತ್ತವೆ.

ಇಲ್ಲಿ ನಮ್ಮ ಸಣ್ಣ ಉದ್ದಿಮೆದಾರರು ಮೈಯೆಲ್ಲ ಕಣ್ಣಾಗಿ ಓದಬೇಕಾದ ಒಂದು ಪದವಿದೆ. ಅದು ‘ಉತ್ಪಾದಕ’. ಉತ್ಪಾದಕನೆಂದರೆ ದೊಡ್ಡ ಬ್ಯಾಟರಿ ಕಾರ್ಖಾನೆಗಳ ಒಡೆಯ ಮಾತ್ರವೆಂದು ನಾವು ಭಾವಿಸಿದ್ದೇವೆ. ನಿಯಮದ ಅರ್ಥವಿವರಣೆ ಹಾಗಿಲ್ಲ. ಬ್ಯಾಟರಿಯನ್ನಾಗಲಿ, ಬ್ಯಾಟರಿ ಅಡಕವಾಗಿರುವ ಉಪಕರಣವನ್ನಾಗಲಿ, ತನ್ನ ಸ್ವಂತ ಬ್ರಾಂಡಿನ ಹೆಸರಿನಲ್ಲಿ ತಯಾರಿಸಿ ಮಾರುವವನು ಉತ್ಪಾದಕ. ಬೇರೆಯವರಿಂದ ತಯಾರಿಸಿಕೊಂಡು ತನ್ನ ಬ್ರಾಂಡಿನಲ್ಲಿ ಮಾರುವವನೂ ಉತ್ಪಾದಕ. ಬ್ಯಾಟರಿ ಇರುವ ಉಪಕರಣವನ್ನು ಆಮದು ಮಾಡಿಕೊಳ್ಳುವವನೂ ಉತ್ಪಾದಕ. ದುರಸ್ತಿ ಮಾಡಿದ ಬ್ಯಾಟರಿಗೂ ಇದು ಅನ್ವಯಿಸುತ್ತದೆ. ಒಂದು ಉದಾಹರಣೆ ನೋಡೋಣ. ಅಂತರಸನಹಳ್ಳಿಯಲ್ಲೋ ಹಿರೇಹಳ್ಳಿಯಲ್ಲೋ ಸಣ್ಣ ಶೆಡ್ಡಿನಲ್ಲಿ ಒಬ್ಬರು ಅಡಿಕೆ ತೋಟಗಳಿಗೆ ಬೇಕಾದ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರುಗಳನ್ನು ಜೋಡಿಸುತ್ತಾರೆ ಎಂದುಕೊಳ್ಳಿ. ಟ್ಯಾಂಕು ಒಂದು ಕಡೆಯಿಂದ, ಪಂಪು ಇನ್ನೊಂದು ಕಡೆಯಿಂದ, 12 ವೋಲ್ಟಿನ ಪುಟ್ಟ ಬ್ಯಾಟರಿ ಮತ್ತೊಂದು ಕಡೆಯಿಂದ ತರಿಸಿ, ತಮ್ಮ ಮಗಳ ಹೆಸರನ್ನೋ ಮನೆದೇವರ ಹೆಸರನ್ನೋ ಸ್ಟಿಕ್ಕರಿನಲ್ಲಿ ಅಂಟಿಸಿ ಮಾರುತ್ತಾರೆ. ಆ ಸ್ಟಿಕ್ಕರು ಅಂಟಿದ ಕ್ಷಣದಲ್ಲಿ ಅವರು ಕಾನೂನಿನ ಕಣ್ಣಿಗೆ ಉತ್ಪಾದಕರಾಗುತ್ತಾರೆ. ಸೋಲಾರ್ ಲಾಂದ್ರ, ತುರ್ತು ದೀಪ, ತೂಕದ ಯಂತ್ರ, ಯುಪಿಎಸ್ ಜೋಡಿಸುವವರ ಸ್ಥಿತಿಯೂ ಇದೇ. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ಪ್ರತಿವರ್ಷ ಜೂನ್ 30ರೊಳಗೆ ಹೊಣೆಗಾರಿಕೆಯ ಯೋಜನೆ ಮತ್ತು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕು, ತಮ್ಮ ಪಾಲಿನ ಗುರಿಗೆ ತಕ್ಕಷ್ಟು ಪ್ರಮಾಣಪತ್ರಗಳನ್ನು ನೋಂದಾಯಿತ ಮರುಬಳಕೆದಾರರಿಂದ ಕೊಳ್ಳಬೇಕು. ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿಹ್ನೆಯನ್ನು ಮುದ್ರಿಸಬೇಕು. 2025ರ ಫೆಬ್ರವರಿಯ ತಿದ್ದುಪಡಿಯಂತೆ ನೋಂದಣಿ ಸಂಖ್ಯೆಯನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕ ತೋರಿಸಬೇಕು.

ಗುರಿ ತಪ್ಪಿದರೆ ಪರಿಸರ ಪರಿಹಾರದ ದಂಡ ಬೀಳುತ್ತದೆ. ಬಾಕಿ ಗುರಿಯನ್ನು ಒಂದು ವರ್ಷದೊಳಗೆ ಪೂರೈಸಿದರೆ ಕಟ್ಟಿದ ದಂಡದಲ್ಲಿ ಶೇ. 75, ಎರಡು ವರ್ಷದೊಳಗಾದರೆ ಶೇ. 60, ಮೂರು ವರ್ಷದೊಳಗಾದರೆ ಶೇ. 40ರಷ್ಟು ಹಿಂದಿರುಗುತ್ತದೆ, ಅಷ್ಟರಮಟ್ಟಿಗೆ ನಿಯಮ ಉದಾರವಾಗಿದೆ. ಇನ್ನು ಪರಿಸರ ಸಂರಕ್ಷಣಾ ಕಾಯಿದೆಯ 15ನೆಯ ಕಲಮಿನಲ್ಲಿದ್ದ ಜೈಲುಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯಿದೆ ತೆಗೆದುಹಾಕಿ, 2024ರ ಏಪ್ರಿಲ್ 1ರಿಂದ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿಯವರೆಗಿನ ದಂಡವನ್ನು ಅದರ ಸ್ಥಾನಕ್ಕೆ ತಂದಿದೆ. ಜೈಲಿನ ಭಯ ತಪ್ಪಿತೆಂದು ನಿಟ್ಟುಸಿರು ಬಿಡುವವರು ಒಂದು ಮಾತು ನೆನಪಿಡಬೇಕು. ನ್ಯಾಯಾಲಯದ ಮೊಕದ್ದಮೆ ಅಪರೂಪಕ್ಕೆ ನಡೆಯುತ್ತಿತ್ತು. ಅಧಿಕಾರಿಯೇ ವಿಧಿಸಬಹುದಾದ ದಂಡ ಅಷ್ಟು ಅಪರೂಪವಾಗಿ ಉಳಿಯಲಾರದು.

ಈಗ ಡೀಲರನ ವಿಷಯಕ್ಕೆ ಬರೋಣ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಹೊಸ ನಿಯಮಗಳು ಡೀಲರನಿಗೂ ಅನ್ವಯಿಸುತ್ತವೆಂದು ಆರಂಭದಲ್ಲೇ ಹೇಳಲಾಗಿದೆ. ಆದರೆ ಉತ್ಪಾದಕ, ಗ್ರಾಹಕ, ಸ್ಥಳೀಯ ಸಂಸ್ಥೆ, ಸಂಗ್ರಾಹಕ, ದುರಸ್ತಿದಾರ, ಮರುಬಳಕೆದಾರ ಇವರಿಗೆಲ್ಲ ಕರ್ತವ್ಯಗಳನ್ನು ಬೇರೆಬೇರೆಯಾಗಿ ವಿವರಿಸಿರುವಾಗ, 2001ರಲ್ಲಿ ಡೀಲರನಿಗೆಂದೇ ಇದ್ದಂಥ ವಿವರವಾದ ವಿಧಿ ಇಲ್ಲಿ ಕಾಣಿಸುವುದಿಲ್ಲ. ಹಳೆಯ ಬ್ಯಾಟರಿಯನ್ನು ಪಡೆದು ಇಟ್ಟುಕೊಳ್ಳುವುದರಿಂದ ಅವನು ಸಂಗ್ರಾಹಕರ ಸಾಲಿಗೆ ಸೇರುತ್ತಾನೆ. ಆ ಸಾಲಿನವರು ಮಾಲನ್ನು ನೋಂದಾಯಿತ ದುರಸ್ತಿದಾರನಿಗೆ ಅಥವಾ ಮರುಬಳಕೆದಾರನಿಗೆ ಮಾತ್ರ ಹಸ್ತಾಂತರಿಸಬೇಕು. ಕರ್ತವ್ಯ ಹೀಗೆ ಬಳಸುದಾರಿಯಲ್ಲಿ ಬಂದು ಸೇರಿತು, ಪ್ರತಿಫಲ ಮಾತ್ರ ಬರಲಿಲ್ಲ. ಪ್ರಮಾಣಪತ್ರವನ್ನು ಹುಟ್ಟಿಸುವವನು ಮರುಬಳಕೆದಾರ, ಅದನ್ನು ಕೊಳ್ಳುವವನು ಉತ್ಪಾದಕ. ಗ್ರಾಹಕನ ಎದುರಿಗೆ ನಿಂತು, ಚೌಕಾಸಿ ಮಾಡಿ, 50 ಕಿಲೋ ಭಾರವನ್ನು ಎತ್ತಿಸಿ, ಆಸಿಡ್ ಸೋರದಂತೆ ಕಾಯ್ದುಕೊಳ್ಳುವ ಅಂಗಡಿಯವನ ಹೆಸರು ಆ ಪತ್ರದ ವ್ಯವಹಾರದಲ್ಲಿ ಎಲ್ಲಿಯೂ ಬರುವುದಿಲ್ಲ.

ಪತ್ರದ ವ್ಯವಹಾರವೆಂಬುದು ಎಷ್ಟು ಸಡಿಲವಾಗಬಲ್ಲದು ಎಂಬುದಕ್ಕೆ ಪ್ಲಾಸ್ಟಿಕ್ ಕ್ಷೇತ್ರ ಎಚ್ಚರಿಕೆಯಾಗಿದೆ. ಇದೇ ಹೊಣೆಗಾರಿಕೆಯ ತತ್ತ್ವದಡಿ ಅಲ್ಲಿ ನೀಡಲಾದ ಪ್ರಮಾಣಪತ್ರಗಳಲ್ಲಿ ಸುಮಾರು 6 ಲಕ್ಷ ನಕಲಿಯೆಂದು ಕೇಂದ್ರ ಮಂಡಳಿ 2023ರಲ್ಲಿ ಪತ್ತೆಹಚ್ಚಿತು. ಬ್ಯಾಟರಿಯ ವಿಷಯದಲ್ಲಿ ಹಾಗಾಗದಿರಬೇಕಾದರೆ ಲೆಕ್ಕ ಕುಲುಮೆಯ ಬಾಗಿಲಿನಿಂದ ಆರಂಭವಾಗಬಾರದು. ಅಂಗಡಿಯ ಕಟ್ಟೆಯಿಂದ, ಅಂದರೆ ಹಳೆಯ ಬ್ಯಾಟರಿ ಗ್ರಾಹಕನ ಕೈಬಿಡುವ ಜಾಗದಿಂದ, ಆರಂಭವಾಗಬೇಕು.

ಅಂಗಡಿಯ ಕಟ್ಟೆಯಲ್ಲಿ ನಡೆಯುವುದೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕುಣಿಗಲ್ ಕಡೆಯ ಗ್ರಾಹಕರೊಬ್ಬರು ಇನ್ವರ್ಟರ್ ಬ್ಯಾಟರಿ ತಂದು, “ಏನಣ್ಣಾ, ಗುಜರಿಯವನೇ ಇನ್ನೂರು ಜಾಸ್ತಿ ಕೊಡ್ತೀನಿ ಅಂತಾನೆ, ನೀವೇನು ಇಷ್ಟು ಕಡಿಮೆ ಹಿಡೀತೀರಿ?” ಎಂದು ಕೇಳುವುದು ನಮಗೆ ಹೊಸದಲ್ಲ. ಆ ಇನ್ನೂರು ರೂಪಾಯಿ ಎಲ್ಲಿಂದ ಬಂತು? ಹಳೆಯ ಬ್ಯಾಟರಿಯನ್ನು ಬಿಲ್ಲಿನ ಮೂಲಕ ಮಾರಿದರೆ ಶೇ. 18ರ ಜಿಎಸ್‌ಟಿ ಸೇರುತ್ತದೆ. ಬಿಲ್ಲಿಲ್ಲದೆ ಮಾರಿದರೆ ಆ ಹದಿನೆಂಟನ್ನು ಮಾರುವವನೂ ಕೊಳ್ಳುವವನೂ ಹಂಚಿಕೊಳ್ಳಬಹುದು. ಶುದ್ಧೀಕರಣದ ವೆಚ್ಚ ಉಳಿದದ್ದು ಅದರ ಮೇಲೆ. ಗುಜರಿಯವನು ಕೊಡುವ ಹೆಚ್ಚಿನ ಹಣ ಅವನ ಔದಾರ್ಯವಲ್ಲ; ಸರಕಾರಕ್ಕೂ ಯಾವುದೋ ಊರಿನ ಮಣ್ಣಿಗೂ ಸಲ್ಲಬೇಕಾಗಿದ್ದದ್ದರಲ್ಲಿ ಒಂದು ಪಾಲು. ಅದೇ ಬೆಲೆಯನ್ನು ಪ್ರಾಮಾಣಿಕ ಡೀಲರನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಆ ಬೆಲೆ ಕೊಡಲಾಗದೆ ಗ್ರಾಹಕನನ್ನೇ ಕಳೆದುಕೊಳ್ಳುವ ಡೀಲರನಿಗೆ ಉಪದೇಶ ಮಾಡಿ ಪ್ರಯೋಜನವೂ ಇಲ್ಲ.

ತೂಕದ ಪದ್ಧತಿಯಲ್ಲಿ ಇನ್ನೊಂದು ಕೆಡುಕು ಅಡಗಿದೆ. ಗುಜರಿ ವ್ಯವಹಾರದಲ್ಲಿ ಆಸಿಡ್ ಸಹಿತದ ಬ್ಯಾಟರಿಗೆ ಒಂದು ದರ, ಖಾಲಿ ಮಾಡಿದ ಬ್ಯಾಟರಿಗೆ ಕಿಲೋಗೆ ಹೆಚ್ಚಿನ ದರ. ಕೊಳ್ಳುವವನ ದೃಷ್ಟಿಯಲ್ಲಿ ಇದು ಸರಿಯಾದ ಲೆಕ್ಕವೇ, ನೀರಿಗೆ ಯಾರು ಹಣ ಕೊಡುತ್ತಾರೆ? ಆದರೆ ಈ ಒಂದು ದರಭೇದದ ದೆಸೆಯಿಂದ ಅಂಗಡಿಯ ಹುಡುಗ ಬ್ಯಾಟರಿಯನ್ನು ಬೋರಲು ಹಾಕಿ ಆಸಿಡನ್ನು ಚರಂಡಿಗೆ ಹರಿಸುತ್ತಾನೆ. ಅದು ಬರಿಯ ಗಂಧಕಾಮ್ಲವಲ್ಲ. ಅದರಲ್ಲಿ ಸೀಸದ ಕಣಗಳೂ ಕರಗಿದ ಸೀಸವೂ ಸೇರಿರುತ್ತವೆ. ಚರಂಡಿಯ ನೀರು ಕಡೆಗೆ ಸೇರುವುದು ತಗ್ಗಿಗೆ, ತಗ್ಗಿನಲ್ಲಿರುವುದು ನಮ್ಮ ಕೆರೆಗಳು. ಅಮಾನಿಕೆರೆಯ ಏರಿಯ ಮೇಲೆ ಬೆಳಗಿನ ವಾಯುಸಂಚಾರಕ್ಕೆ ಹೋಗುವವರಲ್ಲಿ ನಮ್ಮ ವರ್ತಕ ಬಾಂಧವರೂ ಇದ್ದಾರೆ. ಹಳೆಯ ಬ್ಯಾಟರಿಯನ್ನು ಆಸಿಡ್ ಸಹಿತವಾಗಿಯೇ, ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ಮರದ ಹಲಗೆಯ ಮೇಲೆ ಇಡಬೇಕು. ಸೋರಿದರೆ ಸುಣ್ಣವನ್ನೋ ಸೋಡಾವನ್ನೋ ಚೆಲ್ಲಿ ಶಮನಗೊಳಿಸಿ, ಆ ಕೆಸರನ್ನು ಬೇರೆಯಾಗಿ ತೆಗೆದಿಡಬೇಕು. ಇದಕ್ಕೆ ಯಾವ ದೊಡ್ಡ ಬಂಡವಾಳವೂ ಬೇಡ.

ಲಿಥಿಯಂ ಬ್ಯಾಟರಿ ಮತ್ತು ಸಣ್ಣ ಸೆಲ್ಲುಗಳ ಕಥೆ ಇದಕ್ಕೆ ತದ್ವಿರುದ್ಧ. ಟಾರ್ಚಿನ ಸೆಲ್ಲಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಆದ್ದರಿಂದ ಅದು ಕಸದ ಗಾಡಿಗೆ ಹೋಗುತ್ತದೆ. ವಿದ್ಯುತ್ ವಾಹನಗಳಿಗಾಗಿ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ (2017). ಆಗ ರಸ್ತೆಗಿಳಿಯತೊಡಗಿದ ವಾಹನಗಳ ಬ್ಯಾಟರಿಗಳು ಈಗ ಹಳತಾಗುತ್ತಿವೆ. ಅವುಗಳಲ್ಲಿ ಕಬ್ಬಿಣ-ಫಾಸ್ಫೇಟ್ ಬಗೆಯವುಗಳಲ್ಲಿ ಕೋಬಾಲ್ಟಿನಂಥ ದುಬಾರಿ ಲೋಹವಿಲ್ಲದ ಕಾರಣ ಮರುಬಳಕೆದಾರನಿಗೆ ಆಸಕ್ತಿ ಕಡಿಮೆ. ಜಜ್ಜಿದರೆ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಬೇರೆ. ಸೀಸದ ಬ್ಯಾಟರಿಗೆ ಬೇಕಾದದ್ದು ಸರಿಯಾದ ದಾರಿ; ಇವಕ್ಕೆ ಬೇಕಾದದ್ದು ತೆಗೆದುಕೊಳ್ಳುವ ಕೈ. ಎರಡನ್ನೂ ಒಂದೇ ನಿಯಮದ ಬಲೆಯಲ್ಲಿ ಹಿಡಿಯಹೊರಟಿರುವುದು ಆಡಳಿತಕ್ಕೆ ಅನುಕೂಲವಿರಬಹುದು, ವ್ಯಾಪಾರಕ್ಕೆ ಅಷ್ಟು ಹೊಂದುವುದಿಲ್ಲ. ಅದು ಪ್ರತ್ಯೇಕ ಚರ್ಚೆಯ ವಿಷಯವಾದುದರಿಂದ ಇಲ್ಲಿಗೆ ಬಿಡುತ್ತೇನೆ.

ನಮ್ಮ ವಾಣಿಜ್ಯ ಸಂಸ್ಥೆ ಈ ವಿಷಯದಲ್ಲಿ ಮನವಿಪತ್ರ ಸಲ್ಲಿಸಿ ಸುಮ್ಮನಾಗಬಾರದು. ಒಂಟಿ ಡೀಲರನಿಗೆ ಚೌಕಾಸಿಯ ಬಲವಿಲ್ಲ. ಅವನ ಹಿತ್ತಲಿನ ಇಪ್ಪತ್ತು ಬ್ಯಾಟರಿಗಳಿಗಾಗಿ ಯಾವ ನೋಂದಾಯಿತ ಕಾರ್ಖಾನೆಯೂ ಲಾರಿ ಕಳುಹಿಸುವುದಿಲ್ಲ. ಗುಜರಿ ಗಾಡಿ ಮಾತ್ರ ಕರೆದ ದಿನವೇ ಬರುತ್ತದೆ. ಅದರ ನಿಜವಾದ ಶಕ್ತಿ ಇರುವುದು ಬೆಲೆಗಿಂತ ಹೆಚ್ಚಾಗಿ ಈ ಸಮಯಪಾಲನೆಯಲ್ಲಿ. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಯಲ್ಲಿ ತಿಂಗಳಿಗೆ 20 ಹಳೆಯ ಬ್ಯಾಟರಿ ಸೇರುತ್ತವೆ ಎಂದಿಟ್ಟುಕೊಂಡರೆ, 20 ಅಂಗಡಿಗಳಿಗೆ 400. ಸಣ್ಣದು ದೊಡ್ಡದು ಸೇರಿ ಸರಾಸರಿ 25 ಕಿಲೋ ಎಂದರೂ 10 ಟನ್ನು. ಇದು ಒಂದು ಲಾರಿಯ ತುಂಬು ಹೊರೆ. ಇಷ್ಟು ಮಾಲನ್ನು ಒಟ್ಟಾಗಿ ಮುಂದಿಟ್ಟರೆ ನೋಂದಾಯಿತ ಮರುಬಳಕೆದಾರರು ನಮ್ಮ ಬಳಿಗೆ ಬರುತ್ತಾರೆ. ಪ್ರಮಾಣಪತ್ರಕ್ಕಾಗಿ ಅವರಿಗೆ ದಾಖಲೆಯುಳ್ಳ ಮಾಲು ಬೇಕು, ಅವರಿಂದ ಪತ್ರ ಕೊಳ್ಳುವ ದೊಡ್ಡ ಕಂಪನಿಗಳಿಗೂ ಬೇಕು. ದಾಖಲೆಯೇ ಇಲ್ಲಿ ಬೆಲೆಯುಳ್ಳ ಸರಕು. ಆ ಬೆಲೆಯಲ್ಲಿ ಒಂದು ಪಾಲನ್ನು ನಿರ್ವಹಣಾ ಶುಲ್ಕವೆಂದು ಡೀಲರನಿಗೆ ಕೊಡಿಸಲು ಸಂಸ್ಥೆ ಮಾತುಕತೆ ನಡೆಸಬೇಕು. ಗುಜರಿಯವನ ಇನ್ನೂರು ರೂಪಾಯಿಗೆ ಉತ್ತರ ಸಿಗುವುದು ಇಲ್ಲಿಂದಲೇ.

ಶಿರಾ ಗೇಟ್ ಕಡೆಯ ಅಂಗಡಿಗಳಿಗೆ ಹತ್ತಿರವಾಗುವಂತೆ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಆಸಿಡ್ ತಡೆಯುವ ನೆಲಹಾಸು ಮತ್ತು ಮಳೆ ಬೀಳದ ಸೂರುಳ್ಳ ಒಂದು ಸಾಮಾನ್ಯ ಸಂಗ್ರಹಾಗಾರವನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೊಡನೆ ಏರ್ಪಡಿಸಬಹುದು. ಲಂಡನ್ ದರಕ್ಕೆ ಹೊಂದಿಸಿ ವಾರಕ್ಕೊಮ್ಮೆ ಖರೀದಿ ದರವನ್ನು ಪ್ರಕಟಿಸಿ, ಅದನ್ನು ಎಲ್ಲ ಸದಸ್ಯರ ಅಂಗಡಿಗಳಲ್ಲೂ ಹಲಗೆಯ ಮೇಲೆ ಬರೆಸಬಹುದು. ಅಡಿಕೆ, ಕೊಬ್ಬರಿಯ ಧಾರಣೆಯನ್ನು ದಿನವೂ ನೋಡುವ ಜಿಲ್ಲೆಯ ಗ್ರಾಹಕರಿಗೆ ಸೀಸದ ಧಾರಣೆ ಅರ್ಥವಾಗದೆ ಇರದು. ದರವನ್ನು ಆಸಿಡ್ ಸಹಿತದ ತೂಕಕ್ಕೆ ಮಾತ್ರ ನಿಗದಿಪಡಿಸಬೇಕು. ಖಾಲಿ ಬ್ಯಾಟರಿಗೆ ಹೆಚ್ಚಿನ ದರ ಕೂಡದು. ಆಗ ಆಸಿಡ್ ಸುರಿಯುವುದರಿಂದ ನಷ್ಟವೇ ಹೊರತು ಲಾಭವಿರುವುದಿಲ್ಲ.

ಗುಜರಿ ವ್ಯಾಪಾರಿಗಳನ್ನು ಹೊರಗಟ್ಟಬೇಕೆಂಬುದು ಈ ಸಲಹೆಯ ಉದ್ದೇಶವಲ್ಲ. ಅವರೂ ಬಂಡವಾಳ ಹಾಕಿ ದುಡಿಯುವ ಸಣ್ಣ ವರ್ತಕರೇ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಹಳ್ಳಿಯನ್ನು ತಲುಪುವ ಜಾಲ ಅವರಲ್ಲಿದೆ, ನಮ್ಮಲ್ಲಿಲ್ಲ. ಅವರ ಗಾಡಿ ಕೊನೆಗೆ ಬಯಲು ಕುಲುಮೆಯ ಬದಲು ಸಾಮಾನ್ಯ ಸಂಗ್ರಹಾಗಾರಕ್ಕೆ ಬಂದು ನಿಲ್ಲುವಂತಾದರೆ ಸಾಕು. ಅದೇ ರೀತಿ, ಶೆಡ್ಡುಗಳಲ್ಲಿ ಪ್ಲೇಟು ಬದಲಿಸಿ ಬ್ಯಾಟರಿಗೆ ಮರುಜೀವ ಕೊಡುವ ಕುಶಲಿಗಳಿದ್ದಾರೆ. ಹೊಸ ನಿಯಮದಂತೆ ಅವರು ದುರಸ್ತಿದಾರರಾಗಿ ರಾಜ್ಯ ಮಂಡಳಿಯಲ್ಲಿ ನೋಂದಣಿ ಪಡೆಯಬೇಕು. ಇಂಗ್ಲಿಷಿನ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುವ ಶಕ್ತಿ ಅವರಲ್ಲಿ ಎಷ್ಟು ಮಂದಿಗಿದೆ? ಅವರಿಗೂ, ಮೇಲೆ ಹೇಳಿದ ಸ್ಪ್ರೇಯರ್ ತಯಾರಕರಂಥವರಿಗೂ, ಪ್ರತಿವರ್ಷ ಏಪ್ರಿಲಿನಿಂದ ಜೂನ್ ಅಂತ್ಯದವರೆಗೆ ನಮ್ಮ ಕಚೇರಿಯಲ್ಲಿ ಒಂದು ಸಹಾಯ ಮೇಜನ್ನು ನಡೆಸಿದರೆ ಅದು ಸದಸ್ಯತ್ವ ಶುಲ್ಕಕ್ಕೆ ನ್ಯಾಯ ಒದಗಿಸುವ ಕೆಲಸವಾದೀತು.

ಇದೆಲ್ಲ ಆಗದ ಹೋಗದ ಮಾತು, ಸದಸ್ಯರು ತಮ್ಮ ಲೆಕ್ಕವನ್ನು ಪಕ್ಕದ ಅಂಗಡಿಯವನಿಗೆ ತೋರಿಸಲಾರರು ಎಂಬ ಆಕ್ಷೇಪಣೆ ಬರುವುದು ಖಚಿತ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದುದರಿಂದ ಮೊದಲು ಹೆಸರಿಲ್ಲದ ಲೆಕ್ಕದಿಂದ ಆರಂಭಿಸಬಹುದು. ಬರುವ ತಿಂಗಳ ಒಂದನೆಯ ತಾರೀಖಿನಿಂದ ಮೂವತ್ತು ದಿನಗಳ ಕಾಲ, ಒಪ್ಪುವ ಸದಸ್ಯರು ಒಂದು ನೋಟುಪುಸ್ತಕದಲ್ಲಿ ಹಳೆಯ ಬ್ಯಾಟರಿ ಬಂದ ದಿನಾಂಕ, ಬಗೆ, ಆಸಿಡ್ ಸಹಿತದ ತೂಕ, ಗ್ರಾಹಕನಿಗೆ ಕೊಟ್ಟ ಕಡಿತ, ಹೊರಗೆ ಹೋದ ದಿನಾಂಕ, ಬಿಲ್ಲು ಇದ್ದರೆ ಅದರ ಸಂಖ್ಯೆ ಇಷ್ಟನ್ನು ಬರೆದಿಟ್ಟು, ಅಂಗಡಿಯ ಹೆಸರು ಬರೆಯದೆ ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಗಳಿಗೆ ತಲುಪಿಸಲಿ. ಒಟ್ಟು ಟನ್ನೇಜ್ ಎಷ್ಟು, ಅದರಲ್ಲಿ ಬಿಲ್ಲಿನ ಮೂಲಕ ಹೋದದ್ದೆಷ್ಟು ಎಂಬ ಎರಡು ಅಂಕಿಗಳು ಕೈಗೆ ಬಂದ ನಂತರ, ಸಂಗ್ರಹಾಗಾರದ ಗಾತ್ರವನ್ನೂ ಶುಲ್ಕದ ಬೇಡಿಕೆಯನ್ನೂ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ತರಬಹುದು.